ಬಣ್ಣ ತೆಗೆಯುವ ವಿದ್ಯೆ

ಬಣ್ಣ ಹಚ್ಚುವುದನ್ನು ಲೋಕವು ಕಲೆಯೆಂದು ಕರೆದಿದೆ. ಹಚ್ಚಿದ ಬಣ್ಣವನ್ನು ತೆಗೆಯುವುದಕ್ಕೆ ಅಂಥ ಹೆಸರಾವುದೂ ಇಲ್ಲ. ಚಿತ್ರಗಾರನಿಗೆ ಸಭೆಯಲ್ಲಿ ಮನ್ನಣೆಯುಂಟು. ಗೋಡೆಯ ಹಳೆಯ ಸುಣ್ಣವನ್ನು ಕೆರೆಯುವವನಿಗೆ ಕೂಲಿ ಮಾತ್ರ ಉಂಟು. ಆದರೆ ಈ ಎರಡರಲ್ಲಿ ಯಾವುದು ಹೆಚ್ಚು ಕಷ್ಟವೆಂಬುದನ್ನು ಎರಡನ್ನೂ ಮಾಡಿ ನೋಡಿದವರೇ ಹೇಳಬೇಕು. ಹಚ್ಚುವವನ ಮುಂದೆ ಇರುವುದು ಒಂದೇ ವಸ್ತು. ತೆಗೆಯುವವನ ಮುಂದೆ ಎರಡು ವಸ್ತುಗಳಿರುತ್ತವೆ: ಹೋಗಬೇಕಾದುದು ಒಂದು, ಉಳಿಯಬೇಕಾದುದು ಇನ್ನೊಂದು. ಇವೆರಡೂ ಒಂದನ್ನೊಂದು ಅಪ್ಪಿಕೊಂಡಿರುವಲ್ಲಿ, ಮೊದಲನೆಯದನ್ನು ಬಿಡಿಸಿ ಎರಡನೆಯದಕ್ಕೆ ನೋವಾಗದಂತೆ ನೋಡಿಕೊಳ್ಳುವ ಉಪಾಯವನ್ನು ಅವನು ಅರಸಬೇಕು.

ನವರಾತ್ರಿಯಲ್ಲಿ ಬೊಂಬೆಗಳನ್ನು ಕೂರಿಸುವ ಮನೆಗಳಲ್ಲಿ ಇದರ ಅನುಭವ ಎಲ್ಲರಿಗೂ ಉಂಟು. ಪಟ್ಟದ ಬೊಂಬೆಯ ಬಣ್ಣ ಮಾಸಿತೆಂದು ಅಜ್ಜಿಯ ಕಾಲದಲ್ಲಿ ಒಮ್ಮೆ ಬಳಿಸಿದರು. ಅತ್ತೆಯ ಕಾಲದಲ್ಲಿ ಮತ್ತೊಮ್ಮೆ. ಸೊಸೆಯ ಕಾಲದಲ್ಲಿ ಮೂರನೆಯ ಸಲ. ಪ್ರತಿಯೊಂದು ಸಲವೂ ಬೊಂಬೆಯು ಹೊಸದಾಗಿಯೇ ಕಂಡಿತು. ಆದರೆ ಪ್ರತಿಯೊಂದು ಸಲವೂ ಬಡಗಿಯು ಕೆತ್ತಿದ ಮೂಗು ಸ್ವಲ್ಪ ಮೊಂಡಾಯಿತು, ರೆಪ್ಪೆಯ ಗೆರೆ ಸ್ವಲ್ಪ ತುಂಬಿಕೊಂಡಿತು, ಬೆರಳುಗಳ ನಡುವಣ ಸಂದು ಮುಚ್ಚಿತು. ಕಡೆಗೆ ರಾಜನೂ ರಾಣಿಯೂ ಮುಖವಿಲ್ಲದೆ ಬಣ್ಣ ಮಾತ್ರ ಉಳ್ಳವರಾದರು. ಆಗ ಮನೆಯಲ್ಲಿ ಯಾರೋ ಒಬ್ಬರು, “ಇದನ್ನೆಲ್ಲ ತೆಗೆದು ಮರ ಕಾಣುವ ಹಾಗೆ ಮಾಡಬೇಕು” ಎಂದು ಹೇಳುತ್ತಾರೆ. ಹೇಳಿದಷ್ಟು ಸುಲಭವಾಗಿ ಅದು ಆಗುವುದಿಲ್ಲ.

ಮರದ ಬೊಂಬೆಯಲ್ಲಿ ಕಾಣುವ ಈ ತೊಡಕೇ ಬೇರೊಂದು ಬಗೆಯ ಆಟದ ಸಾಮಾನಿನಲ್ಲಿ ಇನ್ನೂ ಸೂಕ್ಷ್ಮವಾಗಿ ಕಾಣುತ್ತದೆ. ಬಿಡಿಬಿಡಿಯಾದ ಪ್ಲಾಸ್ಟಿಕ್ ಭಾಗಗಳನ್ನು ಅಂಟಿಸಿ ವಿಮಾನ, ಹಡಗು, ರೈಲು ಮೊದಲಾದುವುಗಳ ಚಿಕ್ಕ ಮಾದರಿಗಳನ್ನು ಕಟ್ಟುವ ಆಟವು ಇಂಗ್ಲೆಂಡಿನಲ್ಲಿ ಎರಡನೆಯ ಮಹಾಯುದ್ಧದ ತರುವಾಯ ಬಹಳವಾಗಿ ಹಬ್ಬಿತು. ಅಲ್ಲಿನ ಏರ್‌ಫಿಕ್ಸ್ ಎಂಬ ಕಂಪೆನಿಯು ೧೯೩೯ರಲ್ಲಿ ಸ್ಥಾಪಿತವಾದುದು. ೧೯೪೯ರಲ್ಲಿ ಒಂದು ಟ್ರಾಕ್ಟರಿನ ಮಾದರಿಯನ್ನೂ, ೧೯೫೨ರಲ್ಲಿ ಒಂದು ಹಳೆಯ ಹಾಯಿಹಡಗಿನ ಮಾದರಿಯನ್ನೂ ಹೊರಡಿಸಿ ಹೆಸರು ಮಾಡಿತು. ಪೆಟ್ಟಿಗೆಯನ್ನು ತೆರೆದರೆ ಕೊಂಬೆಯಲ್ಲಿ ಎಲೆಗಳು ಅಂಟಿಕೊಂಡಿರುವಂತೆ ಭಾಗಗಳು ಪ್ಲಾಸ್ಟಿಕ್ ಕಡ್ಡಿಗಳಿಗೆ ಅಂಟಿಕೊಂಡಿರುತ್ತವೆ. ಅವನ್ನು ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚುವುದು ಹುಡುಗರ ಕೆಲಸ. ನಿಜವಾದ ವಿಮಾನದ ಎಪ್ಪತ್ತೆರಡರಲ್ಲಿ ಒಂದು ಪಾಲಿನ ಅಳತೆ ಇವುಗಳಲ್ಲಿ ಬಹಳ ಪ್ರಚುರವಾದುದು.

ಇಂಥದೊಂದು ಮಾದರಿಯು ಬೆಂಗಳೂರಿನ ಒಂದು ಮನೆಯ ಅಟ್ಟದಲ್ಲಿ, ತಗಡಿನ ಟ್ರಂಕಿನೊಳಗೆ, ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಐವತ್ತು ವರ್ಷಗಳ ಕಾಲ ಮಲಗಿತ್ತು. ಉದ್ದ ಹದಿಮೂರು ಸೆಂಟಿಮೀಟರಿನಷ್ಟು, ಅಂಗೈಯಲ್ಲಿ ಹಿಡಿಸುವಂಥದು. ಮೈಗೆಲ್ಲ ಗೇಟಿಗೆ ಬಳಿಯುವ ಅಲ್ಯುಮಿನಿಯಮ್ ಬಣ್ಣವನ್ನು ದಪ್ಪವಾಗಿ ಹಚ್ಚಿತ್ತು. ಬಣ್ಣವು ಕೆಲವು ಕಡೆ ಹರಿದು ಹನಿಗಟ್ಟಿತ್ತು. ಕುಂಚದ ಎರಡು ಕೂದಲುಗಳು ಅದರಲ್ಲಿಯೇ ಸಿಕ್ಕಿಕೊಂಡು ಒಣಗಿದ್ದವು. ರೆಕ್ಕೆಗಳ ಮೇಲೆ ವಾಯುದಳದ ತ್ರಿವರ್ಣ ಚಕ್ರ. ಆದರೆ ಕೇಸರಿಯು ಹೊರಗಿರಬೇಕಾದಲ್ಲಿ ಹಸಿರು, ಹಸಿರು ನಡುವಿರಬೇಕಾದಲ್ಲಿ ಕೇಸರಿ.

ಅಟ್ಟವನ್ನು ಗುಡಿಸಲು ಹತ್ತಿದ ಮೊಮ್ಮಗಳು ಅದನ್ನು ಕೆಳಕ್ಕೆ ತಂದಳು. ಆಕೆ ಪದವಿಪೂರ್ವ ತರಗತಿಯಲ್ಲಿ ವಿಜ್ಞಾನವನ್ನು ಓದುತ್ತಿದ್ದವಳು. “ತಾತ, ಇದು ಅಪ್ಪ ಮಾಡಿದ್ದಾ? ಬಣ್ಣ ಪೂರ್ತಿ ಹಾಳಾಗಿದೆ. ತೆಗೆದು ಹೊಸದಾಗಿ ಹಚ್ಚೋಣ” ಎಂದಳು. ಮನೆಯ ಯಜಮಾನರು ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದರು. ಅವರು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷಗಳಿಗೂ ಮೀರಿ ಫಿಟ್ಟರಾಗಿದ್ದು ನಿವೃತ್ತರಾದವರು. ವಯಸ್ಸು ಎಂಬತ್ತೈದನ್ನು ದಾಟಿದವರು.

ಆ ಕಾರ್ಖಾನೆಯ ವಿಷಯದಲ್ಲಿ ಎರಡು ಮಾತನ್ನು ಇಲ್ಲಿ ಹೇಳದಿದ್ದರೆ ಮುಂದಿನದು ತಿಳಿಯದು. ವಾಲ್‌ಚಂದ್ ಹೀರಾಚಂದರ ಪ್ರಯತ್ನದಿಂದಲೂ ಮೈಸೂರು ಸರ್ಕಾರದ ಸಹಕಾರದಿಂದಲೂ ೧೯೪೦ರ ಡಿಸೆಂಬರಿನಲ್ಲಿ ಹುಟ್ಟಿದ ಈ ಸಂಸ್ಥೆಯು ೧೯೬೪ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಎಂಬ ಹೆಸರನ್ನು ತಳೆಯಿತು. ಇಂಗ್ಲೆಂಡಿನ ಫಾಲಂಡ್ ಕಂಪೆನಿಯಲ್ಲಿ ಪೆಟರ್ ಎಂಬ ಶಿಲ್ಪಿಯು ರಚಿಸಿ ೧೯೫೫ರಲ್ಲಿ ಮೊದಲು ಹಾರಿದ ‘ನ್ಯಾಟ್’ ಎಂಬ ಪುಟ್ಟ ಯುದ್ಧವಿಮಾನವನ್ನು ಕಟ್ಟುವ ಹಕ್ಕನ್ನು ಭಾರತವು ಪಡೆದು, ಅದನ್ನು ಇಲ್ಲಿಯೇ ತಯಾರಿಸತೊಡಗಿತು. ನ್ಯಾಟ್ ಎಂದರೆ ನುಸಿ. ಹೆಸರು ಅಲ್ಪವಾದರೂ ಕೆಲಸ ಅಲ್ಪವಲ್ಲ. ೧೯೬೫ರ ಯುದ್ಧದಲ್ಲಿ ಆ ನುಸಿಯು ತನಗಿಂತ ದೊಡ್ಡದಾದ ಸೇಬರ್ ವಿಮಾನಗಳನ್ನು ಕೆಡವಿತು. ೧೯೭೧ರ ಡಿಸೆಂಬರಿನಲ್ಲಿ ಶ್ರೀನಗರದ ಆಕಾಶದಲ್ಲಿ ಹೋರಾಡಿ ಪ್ರಾಣವನ್ನೊಪ್ಪಿಸಿ ಪರಮವೀರಚಕ್ರವನ್ನು ಪಡೆದ ನಿರ್ಮಲ್ ಜಿತ್ ಸಿಂಗ್ ಸೆಖೋನರು ಏರಿದ್ದುದೂ ನ್ಯಾಟನ್ನೇ. ಅದರ ರೆಕ್ಕೆಗಳಿಗೆ ರಿವೆಟ್ಟುಗಳನ್ನು ಹೊಡೆದ ನೂರಾರು ಕೈಗಳಲ್ಲಿ ಈ ಯಜಮಾನರ ಕೈಗಳೂ ಸೇರಿದ್ದವು.

೧೯೭೪ರಲ್ಲಿ ಹುಡುಗನ ಸೋದರಮಾವನು ಇಂಗ್ಲೆಂಡಿನಿಂದ ಹಿಂದಿರುಗುವಾಗ ನ್ಯಾಟ್ ವಿಮಾನದ ಪೆಟ್ಟಿಗೆಯೊಂದನ್ನು ತಂದುಕೊಟ್ಟನು. ಹುಡುಗನಿಗೆ ಆಗ ಒಂಬತ್ತು ವರ್ಷ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿದ್ದುದು ಇಂಗ್ಲೆಂಡಿನ ‘ರೆಡ್ ಆರೋಸ್’ ತಂಡವು ಪ್ರದರ್ಶನಗಳಲ್ಲಿ ಹಾರಿಸುತ್ತಿದ್ದ ಕೆಂಪು ನ್ಯಾಟ್. ಒಳಗಿದ್ದ ಪ್ಲಾಸ್ಟಿಕ್ಕೂ ಕೆಂಪು. ಆದರೆ ತಂದೆಯು ಕಟ್ಟುವ ನ್ಯಾಟು ಬೆಳ್ಳಿಯಂತೆ ಹೊಳೆಯುವುದೆಂದು ಹುಡುಗನು ಬಲ್ಲನು. ಗೇಟಿಗೆ ಬಳಿದು ಉಳಿದಿದ್ದ ಅಲ್ಯುಮಿನಿಯಮ್ ಬಣ್ಣದ ಡಬ್ಬಿಯನ್ನು ಹುಡುಕಿ ತೆಗೆದನು. ಬೀದಿಯ ಮೂಲೆಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದವನನ್ನು ಬೇಡಿ ಕೇಸರಿ, ಬಿಳಿ, ಹಸಿರು ಬಣ್ಣಗಳನ್ನು ಮೂರು ಬಾಟಲಿ ಮುಚ್ಚಳಗಳಲ್ಲಿ ಹಾಕಿಸಿಕೊಂಡು ಬಂದನು. ನಾಲ್ಕು ದಿನ ಶಾಲೆಯಿಂದ ಬಂದೊಡನೆ ಅದೇ ಕೆಲಸ. ಐದನೆಯ ದಿನ ತಂದೆಯು ಕಾರ್ಖಾನೆಯಿಂದ ಬಂದು ಸೈಕಲ್ಲನ್ನು ಗೋಡೆಗೆ ಒರಗಿಸುವ ಮೊದಲೇ ಅದನ್ನು ತಂದು ಕೈಯಲ್ಲಿಟ್ಟನು.

ತಂದೆಯು ಕನ್ನಡಕವನ್ನು ಹಾಕಿಕೊಂಡು ನೋಡಿ ಹೇಳಿದುದಿಷ್ಟು: “ಇದರಲ್ಲಿ ಎರಡು ಸೀಟಿದೆ. ನಮ್ಮಲ್ಲಿ ಆಗೋ ನ್ಯಾಟಿಗೆ ಒಂದೇ ಸೀಟು. ಚಕ್ರದ ಬಣ್ಣ ತಿರುಗುಮುರುಗು. ಪೇಂಟು ಹರಿದಿದೆ. ಇದು ನ್ಯಾಟ್ ಅಲ್ಲ ಕಣೋ.”

ಹೇಳಿದುದರಲ್ಲಿ ಸುಳ್ಳೊಂದೂ ಇಲ್ಲ. ಇಂಗ್ಲೆಂಡಿನವರು ತರಬೇತಿಗಾಗಿ ಎರಡು ಆಸನದ ನ್ಯಾಟನ್ನು ಮಾಡಿಕೊಂಡಿದ್ದರು. ಭಾರತದ ವಾಯುದಳವು ಅದನ್ನು ಕೊಳ್ಳಲಿಲ್ಲ. ಇಲ್ಲಿ ಆದುದೆಲ್ಲವೂ ಒಂಟಿ ಆಸನದ್ದೇ. ಕಾರ್ಖಾನೆಯಲ್ಲಿ ಪ್ರತಿಯೊಂದು ಭಾಗವನ್ನೂ ಪರೀಕ್ಷಿಸಿ ಅಂಗೀಕೃತ ಅಥವಾ ತಿರಸ್ಕೃತ ಎಂಬ ಎರಡರಲ್ಲೊಂದು ಗುರುತನ್ನು ಹಾಕುವುದೇ ಕ್ರಮ. ಕೂದಲೆಳೆಯಷ್ಟು ದೋಷವನ್ನು ಬಿಟ್ಟರೂ ಆಕಾಶದಲ್ಲಿ ಒಬ್ಬನ ಪ್ರಾಣ ಹೋದೀತು. ಆ ಅಭ್ಯಾಸದ ಕಣ್ಣಿಗೆ ಮಗನ ಕೈಯ ಆಟಿಕೆಯೂ ಪರೀಕ್ಷೆಗೆ ಬಂದ ಭಾಗವಾಗಿಯೇ ಕಂಡಿತು. ಹುಡುಗನು ಅಳಲಿಲ್ಲ; ಎದುರು ಮಾತಾಡಲಿಲ್ಲ. ಅದನ್ನು ಪತ್ರಿಕೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟನು. ಆ ಮೇಲೆ ಅವನು ಯಾವ ಮಾದರಿಯನ್ನೂ ಕಟ್ಟಲಿಲ್ಲ. ಯಂತ್ರಗಳ ಕಡೆಗೆ ತಲೆ ಹಾಕಲಿಲ್ಲ. ವಾಣಿಜ್ಯವನ್ನು ಓದಿ ಬ್ಯಾಂಕನ್ನು ಸೇರಿದನು. ತಂದೆ ಮಕ್ಕಳಲ್ಲಿ ಜಗಳವೆಂಬುದು ಎಂದೂ ಆಗಲಿಲ್ಲ. ಹೀಗೆ ಜಗಳವಾಗದೆಯೇ ಮುಚ್ಚಿಹೋಗುವ ಬಾಗಿಲುಗಳು ಮನೆಗಳಲ್ಲಿ ಎಷ್ಟೋ ಇರುತ್ತವೆ.

ಇಷ್ಟೆಲ್ಲ ಮೊಮ್ಮಗಳಿಗೆ ತಿಳಿಯದು. ಆಕೆಗೆ ಗೊತ್ತಿದ್ದುದು ಬಣ್ಣವನ್ನು ತೆಗೆಯಬೇಕೆಂಬುದು. ಯಜಮಾನರಿಗೂ ಉತ್ಸಾಹ ಬಂದಿತು. “ಥಿನ್ನರ್ ತರಿಸು, ಹತ್ತು ನಿಮಿಷದ ಕೆಲಸ” ಎಂದರು. ಕಾರ್ಖಾನೆಯಲ್ಲಿ ವಿಮಾನದ ಲೋಹದ ಮೈಯಿಂದ ಹಳೆಯ ಬಣ್ಣವನ್ನು ತೆಗೆಯಲು ಉಗ್ರವಾದ ದ್ರಾವಕಗಳನ್ನು ಬಳಿಯುತ್ತಿದ್ದುದನ್ನು ಅವರು ಕಂಡವರು. ಬಣ್ಣವು ಗುಳ್ಳೆಯೆದ್ದು ಸಿಪ್ಪೆಯಂತೆ ಸುಲಿದು ಬರುತ್ತಿತ್ತು. ಲೋಹಕ್ಕೆ ಏನೂ ಆಗುತ್ತಿರಲಿಲ್ಲ.

ಹುಡುಗಿಯು ಬೇಡವೆಂದು ತಲೆಯಾಡಿಸಿ ಒಳಗೆ ಹೋಗಿ ಒಂದು ತುಂಡು ಥರ್ಮೋಕೋಲನ್ನೂ, ಉಗುರಿನ ಬಣ್ಣ ಅಳಿಸುವ ದ್ರವದ ಸೀಸೆಯನ್ನೂ ತಂದಳು. ಬಟ್ಟಲಿನಲ್ಲಿ ಸ್ವಲ್ಪ ದ್ರವವನ್ನು ಹೊಯ್ದು ಥರ್ಮೋಕೋಲಿನ ತುಂಡನ್ನು ಅದರಲ್ಲಿ ನಿಲ್ಲಿಸಿದಳು. ಬಿಸಿಲಿಗಿಟ್ಟ ಬೆಣ್ಣೆಯಂತೆ ಅದು ಕುಸಿದು ಬಟ್ಟಲಿನ ತಳದಲ್ಲಿ ಬರಿಯ ಅಂಟಾಗಿ ಉಳಿಯಿತು. “ತಾತ, ಇದೂ ಪಾಲಿಸ್ಟೈರೀನ್, ನಿಮ್ಮ ವಿಮಾನವೂ ಪಾಲಿಸ್ಟೈರೀನ್. ಇದರಲ್ಲಿ ಗಾಳಿ ತುಂಬಿ ಉಬ್ಬಿಸಿದ್ದಾರೆ, ಅದರಲ್ಲಿ ಇಲ್ಲ. ಅಷ್ಟೇ ಭೇದ. ಥಿನ್ನರ್ ಹಾಕಿದರೆ ಬಣ್ಣದ ಜೊತೆಗೆ ವಿಮಾನವೂ ಹೋಗುತ್ತೆ” ಎಂದಳು. ಯಜಮಾನರು ಬಟ್ಟಲಿನ ತಳವನ್ನು ನೋಡುತ್ತ ಸುಮ್ಮನೆ ಕುಳಿತರು.

ಇಲ್ಲಿಂದ ಮುಂದೆ ಗುರುಶಿಷ್ಯರ ಸ್ಥಾನವು ಬದಲಾಯಿತು. ಹುಡುಗಿಯು ಹೇಳುವವಳು, ಯಜಮಾನರು ಕೇಳುವವರು.

ಪ್ಲಾಸ್ಟಿಕ್ಕಿನ ಮೇಲಿನ ಬಣ್ಣಕ್ಕೆ ಮದ್ದು ಒಂದೇ ಅಲ್ಲ. ಬಣ್ಣದ ಜಾತಿಯನ್ನು ನೋಡಿ ಮದ್ದನ್ನು ಆರಿಸಬೇಕು. ನೀರಿನಲ್ಲಿ ಕಲೆಸುವ ಅಕ್ರಿಲಿಕ್ ಬಣ್ಣವಾದರೆ ಐಸೋಪ್ರೊಪೈಲ್ ಎಂಬ ಸ್ಪಿರಿಟ್ಟಿನಲ್ಲಿ ಕೆಲವು ಗಂಟೆಗಳ ಕಾಲ ನೆನೆದರೆ ಸಡಿಲವಾಗುತ್ತದೆ. ಗಾಯ ತೊಳೆಯುವ ಡೆಟಾಲಿನಲ್ಲಿಯೂ ಆ ಗುಣವುಂಟು. ಆದರೆ ಅದರಲ್ಲಿ ನೆನೆದ ಬಣ್ಣಕ್ಕೆ ಒಡನೆಯೇ ನೀರು ತಾಗಿದರೆ ಬಣ್ಣವೆಲ್ಲ ಹಲಸಿನ ಮೇಣದಂತೆ ಅಂಟಿಕೊಂಡು ಮೊದಲಿಗಿಂತಲೂ ಕೆಡುತ್ತದೆ. ಆದುದರಿಂದ ಮೊದಲು ಡೆಟಾಲಿನಲ್ಲಿಯೇ ಉಜ್ಜಿ ಬಣ್ಣವನ್ನು ತೆಗೆದು, ಆ ಮೇಲೆ ನೀರನ್ನು ಮುಟ್ಟಿಸಬೇಕು. ವಾಹನಗಳ ಬ್ರೇಕಿಗೆ ಹಾಕುವ ಎಣ್ಣೆಯನ್ನೂ ಮಾದರಿ ಕಟ್ಟುವವರು ಬಹುಕಾಲದಿಂದ ಬಳಸುತ್ತಾರೆ. ಅದು ಬಣ್ಣವನ್ನು ಮೆತ್ತಗೆ ಮಾಡುತ್ತದೆ, ಪಾಲಿಸ್ಟೈರೀನನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಆದರೆ ಅದು ವಿಷ, ಬಚ್ಚಲಿಗೆ ಚೆಲ್ಲಬಾರದು. ಇನ್ನು ಪೈಲಟ್ಟನ ತಲೆಯ ಮೇಲಿನ ಪಾರದರ್ಶಕವಾದ ಮುಚ್ಚಳವನ್ನು ಇಂಥ ಯಾವ ದ್ರಾವಕದಲ್ಲಿಯೂ ಮುಳುಗಿಸದಿರುವುದು ಕ್ಷೇಮ; ಅದರಲ್ಲಿ ಕೂದಲಿನಂಥ ಬಿರುಕುಗಳು ಹುಟ್ಟಿಬಿಡಬಹುದು.

ಹುಡುಗಿಯು ಹತ್ತಿಯ ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ರೆಕ್ಕೆಯ ಅಡಿಯಲ್ಲಿ, ಕಣ್ಣಿಗೆ ಬೀಳದ ಒಂದು ಕಡೆ, ಉಜ್ಜಿ ನೋಡಿದಳು. ಬಣ್ಣ ಅಲುಗಲಿಲ್ಲ. ಎಣ್ಣೆಬಣ್ಣವೆಂದು ನಿಶ್ಚಯವಾಯಿತು. ಎಣ್ಣೆಬಣ್ಣವು ಒಣಗುವುದು ಒದ್ದೆಯ ಬಟ್ಟೆ ಒಣಗಿದಂತಲ್ಲ. ಅದರಲ್ಲಿರುವ ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಅದರ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ವರ್ಷ ಕಳೆದಂತೆ ಬಲೆಯು ಬಿಗಿಯಾಗುತ್ತದೆ. ಐವತ್ತು ವರ್ಷಗಳ ಬಲೆಯನ್ನು ಸ್ಪಿರಿಟ್ಟು ಬಿಡಿಸಲಾರದು.

ಆದರೆ ಎಣ್ಣೆಯನ್ನು ಗೆಲ್ಲುವ ವಸ್ತುವು ಒಂದುಂಟು. ಅದೇ ಕ್ಷಾರ. ಎಣ್ಣೆಗೆ ಕ್ಷಾರವು ಸೇರಿದರೆ ಸಾಬೂನು ಆಗುತ್ತದೆ. ಸಾಬೂನನ್ನು ನೀರು ಒಯ್ಯುತ್ತದೆ. ಅಗಸರು ಚೌಳುಮಣ್ಣಿನಿಂದ ಬಟ್ಟೆಯ ಜಿಡ್ಡನ್ನು ತೆಗೆದುದೂ, ಅಡುಗೆಮನೆಯಲ್ಲಿ ಬೂದಿಯಿಂದ ಪಾತ್ರೆಯನ್ನು ಬೆಳಗಿದುದೂ ಇದೇ ನ್ಯಾಯದಿಂದ. ಪಾಲಿಸ್ಟೈರೀನಿಗಾದರೋ ಕ್ಷಾರದ ಭಯವಿಲ್ಲ. ಸುಶ್ರುತಸಂಹಿತೆಯಲ್ಲಿ ಕ್ಷಾರವನ್ನು ಸಿದ್ಧಪಡಿಸುವ ವಿಧಿಗೆ ಒಂದು ಅಧ್ಯಾಯವೇ ಮೀಸಲಾಗಿದ್ದು, ಮೃದು, ಮಧ್ಯಮ, ತೀಕ್ಷ್ಣವೆಂದು ಅದರ ಮೂರು ಬಗೆಗಳನ್ನು ಹೇಳಿದೆ. ಕ್ಷಾರದ ಉರಿಗೆ ಹುಳಿಯೇ ಶಮನವೆಂದೂ ಹೇಳಿದೆ. ಕೆಟ್ಟ ಮಾಂಸವನ್ನು ತೆಗೆದು ಒಳ್ಳೆಯ ಮಾಂಸವನ್ನು ಉಳಿಸಬೇಕಾದ ವೈದ್ಯನಿಗೂ ಈ ಹುಡುಗಿಗೂ ಇದ್ದ ಪ್ರಶ್ನೆಯು ಒಂದೇ ಜಾತಿಯದು.

ಅಂಗಡಿಯಿಂದ ಕಾಸ್ಟಿಕ್ ಸೋಡ ಬಂದಿತು. ಹುಡುಗಿಯು ರಬ್ಬರಿನ ಕೈಗವಸುಗಳನ್ನೂ ಕಣ್ಣಿಗೆ ಪ್ರಯೋಗಶಾಲೆಯ ಕನ್ನಡಕವನ್ನೂ ತೊಟ್ಟು ಹಿತ್ತಲಿನಲ್ಲಿ ಕುಳಿತಳು. ಐಸ್‌ಕ್ರೀಮಿನ ಖಾಲಿ ಡಬ್ಬಿಯಲ್ಲಿ ಮೊದಲು ತಣ್ಣೀರು, ಆ ಮೇಲೆ ಸ್ವಲ್ಪ ಸ್ವಲ್ಪವಾಗಿ ಸೋಡ. ನೀರಿಗೆ ಸೋಡವನ್ನು ಹಾಕಬೇಕೇ ಹೊರತು ಸೋಡಕ್ಕೆ ನೀರನ್ನು ಹೊಯ್ಯಬಾರದು. ಹೊಯ್ದರೆ ಕುದಿದು ಸಿಡಿಯುತ್ತದೆ. ಕರಗುವಾಗ ನೀರು ಬಿಸಿಯಾಯಿತು. ಅದು ಪೂರ್ತಿಯಾಗಿ ಆರುವವರೆಗೆ ಕಾದಳು. ಏಕೆಂದರೆ ಪಾಲಿಸ್ಟೈರೀನು ನೀರು ಕುದಿಯುವ ಶಾಖವು ಸಮೀಪಿಸುತ್ತಲೇ ಮೆತ್ತಗಾಗಿ ಸೊಟ್ಟಗಾಗುವ ಪದಾರ್ಥ. ಯಜಮಾನರು ಎರಡು ಸಲ “ಇನ್ನೂ ಆಗಲಿಲ್ಲವೇನೇ?” ಎಂದು ಕೇಳಿದರು. ಮುಳುಗಿಸುವ ಮೊದಲು ತಾವೇ, “ಒಂದು ನಿಮಿಷ ತಡಿ. ಮೊಬೈಲಿನಲ್ಲಿ ಎಲ್ಲ ಕಡೆಯಿಂದಲೂ ಫೋಟೋ ತೆಗೆದುಕೊ. ಆ ಚಕ್ರಗಳನ್ನು ಹತ್ತಿರದಿಂದ ತೆಗಿ” ಎಂದರು. ಆಕೆ ತೆಗೆದಳು.

ಮಾದರಿಯು ನೀರಿನಲ್ಲಿ ಮುಳುಗಿತು. ಕೆಲವು ನಿಮಿಷಗಳಲ್ಲಿಯೇ ಅದರ ಮೈಯಿಂದ ಸಾಸಿವೆಗಿಂತಲೂ ಚಿಕ್ಕದಾದ ಗುಳ್ಳೆಗಳು ಏಳತೊಡಗಿದವು. ಅಲ್ಯುಮಿನಿಯಮಿನ ಪುಡಿಯು ಕ್ಷಾರದಲ್ಲಿ ಕರಗುತ್ತ ಜಲಜನಕವನ್ನು ಬಿಡುತ್ತಿತ್ತು. ಅದಕ್ಕಾಗಿಯೇ ಅಲ್ಯುಮಿನಿಯಮ್ ಪಾತ್ರೆಯಲ್ಲಿ ಈ ಕೆಲಸವನ್ನು ಮಾಡಬಾರದು. ಡಬ್ಬಿಯ ಬಾಯನ್ನು ಬಿಗಿಯಾಗಿ ಮುಚ್ಚಲೂಬಾರದು. ಬಳಿಯಲ್ಲಿ ಬೆಂಕಿಯೂ ಕೂಡದು. ವಿಮಾನವು ಉಸಿರಾಡುತ್ತಿರುವಂತೆ ತೋರಿತು. ಯಜಮಾನರು ಕುರ್ಚಿಯನ್ನು ಎಳೆದುಕೊಂಡು ಹಿತ್ತಲಿನಲ್ಲಿಯೇ ಕುಳಿತರು. ಆಗ ಅವರು ಮೊಮ್ಮಗಳಿಗೆ ೧೯೭೪ರ ಆ ಸಾಯಂಕಾಲದ ಕಥೆಯನ್ನು ಹೇಳಿದರು. ಅದರೊಡನೆ ಯಾರಿಗೂ ಹೇಳದಿದ್ದ ಇನ್ನೊಂದನ್ನೂ ಹೇಳಿದರು.

ಅದು ೧೯೮೨ರ ಸಂಗತಿ. ನ್ಯಾಟನ್ನೇ ತಿದ್ದಿ ಬೆಳೆಸಿ ಕಾರ್ಖಾನೆಯು ‘ಅಜೀತ್’ ಎಂಬ ವಿಮಾನವನ್ನು ಮಾಡಿದ್ದಿತು. ಸಂಸ್ಕೃತದ ‘ಅಜಿತ’ವೇ ಆ ಹೆಸರು. ಆ ವರ್ಷ ಅದರ ತರಬೇತಿಯ ರೂಪವೊಂದು ಹಾರಿತು. ಅದಕ್ಕೆ ಎರಡು ಆಸನ. ಅದು ಶೆಡ್ಡಿನಿಂದ ಹೊರಗೆ ಬಂದುದನ್ನು ಯಜಮಾನರು ಎಲ್ಲರೊಡನೆ ನಿಂತು ನೋಡಿದರು. ಪಕ್ಕದಲ್ಲಿದ್ದವರು ಚಪ್ಪಾಳೆ ತಟ್ಟುತ್ತಿದ್ದರು. ಅವರ ಕಣ್ಣಿಗೆ ಕಂಡುದು ಮಾತ್ರ ಒಂಬತ್ತು ವರ್ಷದ ಹುಡುಗನ ಅಂಗೈಯ ಮೇಲಿದ್ದ ಇನ್ನೊಂದು ವಿಮಾನ. ಎರಡು ಆಸನದ್ದು ಬೆಂಗಳೂರಿನಲ್ಲಿ ಆಗುವುದಿಲ್ಲವೆಂದು ತಾವು ಹೇಳಿದ್ದುದು. ಎಂಟು ವರ್ಷಗಳಲ್ಲಿ ಆಗಿಯೇಬಿಟ್ಟುದು. ಅಂದು ಸಂಜೆ ಮನೆಗೆ ಬಂದಾಗ ಮಗನು ಕಾಲೇಜಿನ ಪುಸ್ತಕದ ಮುಂದೆ ಕುಳಿತಿದ್ದನು. ಹೇಳಬೇಕೆಂದು ಅವನ ಹತ್ತಿರಕ್ಕೆ ಹೋದರು. “ಊಟ ಆಯಿತೇನೋ?” ಎಂದು ಕೇಳಿ ಹಿಂದಿರುಗಿದರು.

“ಯಾಕೆ ತಾತ ಹೇಳಲಿಲ್ಲ?” ಎಂದು ಹುಡುಗಿ ಕೇಳಿದಳು.

“ತಪ್ಪು ಹಿಡಿಯೋದು ಮಾತ್ರ ಅಭ್ಯಾಸವಾಗಿತ್ತಮ್ಮ. ಇದು ಅಭ್ಯಾಸವಿರಲಿಲ್ಲ” ಎಂದರು.

ಮರುದಿನ ಬೆಳಗ್ಗೆ ಬೆಳ್ಳಿಯ ಬಣ್ಣವು ಬೂದುಬಣ್ಣದ ಕೆನೆಯಾಗಿ ನೀರಿನಲ್ಲಿ ತೇಲುತ್ತಿತ್ತು. ಹುಡುಗಿಯು ಮಾದರಿಯನ್ನು ಹೊರಕ್ಕೆ ತೆಗೆದು, ಧಾರಾಳವಾಗಿ ನೀರು ಬಿಟ್ಟು ತೊಳೆದು, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಿದಳು. ಗೆರೆಗಳಲ್ಲಿ ಕುಳಿತಿದ್ದುದನ್ನು ಮರದ ಹಲ್ಲುಕಡ್ಡಿಯಿಂದ ಎಬ್ಬಿಸಿದಳು; ಸೂಜಿಯನ್ನಾಗಲಿ ಚಾಕುವನ್ನಾಗಲಿ ಮುಟ್ಟಿಸಲಿಲ್ಲ. ತ್ರಿವರ್ಣದ ಚಕ್ರಗಳು ಒಂದು ರಾತ್ರಿಗೆ ಹೋಗಲಿಲ್ಲ. ಬೋರ್ಡು ಬರೆಯುವವನ ಬಣ್ಣವು ಬಿಸಿಲುಮಳೆಗೆ ಮಾಡಿದ್ದು. ಎರಡನೆಯ ರಾತ್ರಿಯೂ ನೆನೆದ ಮೇಲೆ ಅವೂ ಬಿಟ್ಟವು. ಕಡೆಗೆ ವಿನಿಗರ್ ಬೆರೆಸಿದ ನೀರಿನಲ್ಲಿ ಅದ್ದಿ, ಉಳಿದ ಕ್ಷಾರವನ್ನು ಶಮನಗೊಳಿಸಿ, ಪತ್ರಿಕೆಯ ಮೇಲೆ ಒಣಗಲಿಟ್ಟಳು. ಐವತ್ತು ವರ್ಷಗಳ ಹಿಂದೆ ಪೆಟ್ಟಿಗೆಯಿಂದ ಹೊರಬಂದ ಕೆಂಪು ಪ್ಲಾಸ್ಟಿಕ್ಕು ಮೊದಲಿನ ಕೆಂಪಿನಲ್ಲಿಯೇ ಕಂಡಿತು. ಬಣ್ಣದ ಅಡಿಯಲ್ಲಿ ಹೂತುಹೋಗಿದ್ದ ರಿವೆಟ್ಟಿನ ಸಾಲುಗಳೂ, ತಗಡುಗಳ ಅಂಚಿನ ಗೆರೆಗಳೂ ಒಂದೊಂದಾಗಿ ಎದ್ದು ತೋರಿದವು. ಯಜಮಾನರು ಭೂತಗನ್ನಡಿಯನ್ನು ಹಿಡಿದು ಅವನ್ನು ಎಣಿಸುವವರಂತೆ ನೋಡಿದರು.

ಎಡರೆಕ್ಕೆಯು ಮೈಗೆ ಸೇರುವ ಕಡೆ ಭೂತಗನ್ನಡಿ ನಿಂತಿತು. ಅಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಒಂದು ಸಣ್ಣ ಹೆಬ್ಬೆಟ್ಟಿನ ಗುರುತು ಇದ್ದಿತು. ಸುಳಿಯ ಗೆರೆಗಳು ಒಂದೂ ಮಾಸದೆ ಅಚ್ಚೊತ್ತಿದಂತಿದ್ದವು. ಉಜ್ಜಿದರೆ ಹೋಗಲಿಲ್ಲ, ಎರಡು ರಾತ್ರಿಗಳ ಕ್ಷಾರಕ್ಕೂ ಹೋಗಿರಲಿಲ್ಲ.

ಅದಕ್ಕೆ ಕಾರಣವಿದೆ. ಈ ಮಾದರಿಗಳ ಅಂಟು ಮರದ ವಜ್ರದಂತೆ ಎರಡು ಭಾಗಗಳ ನಡುವೆ ಮೂರನೆಯದಾಗಿ ನಿಲ್ಲುವ ಪದಾರ್ಥವಲ್ಲ. ಅದು ದ್ರಾವಕ. ಎರಡು ಅಂಚುಗಳನ್ನೂ ಕ್ಷಣಕಾಲ ಕರಗಿಸುತ್ತದೆ. ಕರಗಿದ ಎರಡೂ ಬೆರೆಯುತ್ತವೆ. ದ್ರಾವಕವು ಗಾಳಿಗೆ ಹಾರಿಹೋದ ಮೇಲೆ ಎರಡಾಗಿದ್ದುದು ಒಂದಾಗಿ ಗಟ್ಟಿಯಾಗುತ್ತದೆ. ಒಂಬತ್ತು ವರ್ಷದ ಹುಡುಗನು ಅಂಟನ್ನು ಹೆಚ್ಚಾಗಿ ಹಿಂಡಿ, ರೆಕ್ಕೆಯು ಬೀಳಬಾರದೆಂದು ಹೆಬ್ಬೆಟ್ಟಿನಿಂದ ಅದುಮಿ ಹಿಡಿದುಕೊಂಡಿದ್ದನು. ಮೆತ್ತಗಾಗಿದ್ದ ಪ್ಲಾಸ್ಟಿಕ್ಕು ಆ ಬೆರಳನ್ನು ತನ್ನ ಮೈಯಲ್ಲಿಯೇ ಬರೆದುಕೊಂಡಿತು. ಬಣ್ಣವು ವಸ್ತುವಿನ ಮೇಲಿದ್ದುದು, ಆದುದರಿಂದ ಹೋಯಿತು. ಬೆರಳ ಗುರುತು ವಸ್ತುವೇ ಆಗಿದ್ದುದು, ಆದುದರಿಂದ ಉಳಿಯಿತು.

ಭಾನುವಾರ ಮಗನು ಊರಿನಿಂದ ಹಿಂದಿರುಗಿದನು. ಈಗ ಅವನಿಗೂ ಅರವತ್ತು ತುಂಬಿ ಬ್ಯಾಂಕಿನಿಂದ ನಿವೃತ್ತನಾಗಿದ್ದನು. ನಡುಮನೆಯ ಮೇಜಿನ ಮೇಲಿದ್ದ ಕೆಂಪು ವಿಮಾನವನ್ನು ಕಂಡು ನಿಂತನು. ಮಗಳು ಉತ್ಸಾಹದಿಂದ ಮರಳುಕಾಗದವನ್ನು ತೋರಿಸಿ, “ಅಪ್ಪಾ, ಎಲ್ಲ ಹೋಗಿದೆ. ಈ ಹೆಬ್ಬೆಟ್ಟಿನ ಗುರುತೊಂದು ಉಳಿದಿದೆ. ಇದನ್ನು ಉಜ್ಜಿಬಿಡಲಾ?” ಎಂದು ಕೇಳಿದಳು.

ಅವನು ಉತ್ತರ ಕೊಡುವ ಮೊದಲೇ ಯಜಮಾನರು, “ಬೇಡಮ್ಮ. ಅದು ಇರಲಿ” ಎಂದರು. ಅನಂತರ ಮಗನ ಕಡೆಗೆ ನೋಡದೆ, ವಿಮಾನದ ಕಡೆಗೇ ನೋಡುತ್ತ, “೮೨ರಲ್ಲಿ ಎರಡು ಸೀಟಿನದು ಬಂತಪ್ಪ. ಆಗಲೇ ನಿನಗೆ ಹೇಳಬೇಕಾಗಿತ್ತು. ಹೇಳಲಿಲ್ಲ” ಎಂದರು.

ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೊತ್ತಿತ್ತು ಅಪ್ಪ. ಪೇಪರಿನಲ್ಲಿ ಓದಿದ್ದೆ. ನೀವು ಹೇಳುತ್ತೀರೇನೋ ಅಂತ ಇದ್ದೆ” ಎಂದನು.

ಮನೆಯಲ್ಲಿ ಇದಕ್ಕಿಂತ ಹೆಚ್ಚಿನ ಮಾತು ಆ ವಿಷಯವಾಗಿ ನಡೆಯಲಿಲ್ಲ. ನಡೆಯಬೇಕಾದ ಅಗತ್ಯವೂ ಇರಲಿಲ್ಲ.

ತಿದ್ದುವುದೂ ಒಂದು ಬಗೆಯ ಬಣ್ಣ ತೆಗೆಯುವಿಕೆಯೇ. ಮಕ್ಕಳ ಕೆಲಸದ ಮೇಲೆ ದೋಷದ ಲೇಪವಿರುವುದು ಸಹಜ. ಅದನ್ನು ತೆಗೆಯದೆ ಬಿಡುವುದು ಪ್ರೀತಿಯಲ್ಲ. ಆದರೆ ದ್ರಾವಕವನ್ನು ಆರಿಸುವವನು ಹೋಗಬೇಕಾದುದರ ಗುಣವನ್ನು ತಿಳಿದರೆ ಸಾಲದು. ಉಳಿಯಬೇಕಾದುದರ ಗುಣವನ್ನೂ ತಿಳಿದಿರಬೇಕು. ಲೋಹಕ್ಕೆ ಒಗ್ಗಿದ ಕೈಯು ಥಿನ್ನರನ್ನೇ ನೆನೆಯುತ್ತದೆ. ಲೋಹಕ್ಕೆ ಅದರಿಂದ ಕೇಡಿಲ್ಲ. ಒಂಬತ್ತು ವರ್ಷದ ಮನಸ್ಸು ಲೋಹವಲ್ಲ. ತೀಕ್ಷ್ಣವಾದ ನಿಜವನ್ನು ಅದರ ಮೇಲೆ ಹೊಯ್ದಾಗ ತಪ್ಪು ಮಾತ್ರ ಹೋಗದೆ, ತಪ್ಪಿನ ಅಡಿಯಲ್ಲಿದ್ದ ಆಸೆಯೂ ಕರಗಿಹೋಗುತ್ತದೆ. ಬಟ್ಟಲಿನ ತಳದಲ್ಲಿ ಅಂಟು ಮಾತ್ರ ಉಳಿಯುತ್ತದೆ. ಅದೇ ನಿಜವನ್ನು ತಣ್ಣೀರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸಿ, ಆರುವವರೆಗೆ ಕಾದು, ಒಂದು ರಾತ್ರಿಗೆ ಆಗದಿದ್ದರೆ ಎರಡು ರಾತ್ರಿ ಬಿಟ್ಟು, ಕಡೆಯಲ್ಲಿ ಮೃದುವಾದ ಕುಂಚದಿಂದ ತಿಕ್ಕಿದ್ದರೆ ಕೆಲಸವೂ ಆಗುತ್ತಿತ್ತು, ವಿಮಾನವೂ ಉಳಿಯುತ್ತಿತ್ತು. ಮಕ್ಕಳನ್ನು 'ಸಾಕುವವರಿಗೂ' ಕಲಿಸುವವರಿಗೂ ಇದು ತಿಳಿಯದ ಮಾತಲ್ಲ. ಸಂಜೆ ದಣಿದು ಮನೆಗೆ ಬಂದಾಗ ಮರೆಯುವ ಮಾತು.

ಮುಂದಿನ ವಾರ ಮೇಜಿನ ಮೇಲೆ ಹೊಸ ಬಣ್ಣದ ಸೀಸೆಗಳು ಬಂದವು. ಬೆಳ್ಳಿಯ ಬಣ್ಣವನ್ನು ಮಗಳು ತೆಳುವಾಗಿ ಮೂರು ಸಲ ಹಚ್ಚಿ ಒಣಗಿಸಿದಳು. ರಿವೆಟ್ಟಿನ ಸಾಲೊಂದೂ ಮುಚ್ಚಲಿಲ್ಲ, ಹೆಬ್ಬೆಟ್ಟಿನ ಸುಳಿಯೂ ಮುಚ್ಚಲಿಲ್ಲ. ಚಕ್ರಗಳನ್ನು ಬರೆಯುವ ಸಮಯಕ್ಕೆ ಆಕೆ ಕುಂಚವನ್ನು ತಂದೆಯ ಕೈಗೆ ಕೊಟ್ಟಳು. ಅವನು ಕನ್ನಡಕವನ್ನು ಸರಿಪಡಿಸಿಕೊಂಡು, ಕುಂಚವನ್ನು ಎರಡು ಬಣ್ಣಗಳ ನಡುವೆ ಹಿಡಿದು, ತಲೆಯೆತ್ತದೆಯೇ ಕೇಳಿದನು: “ಅಪ್ಪಾ, ಹೊರಗಿನದು ಯಾವುದು?”

ಯಜಮಾನರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ದೀಪವನ್ನು ಮಗನ ಕೈಯ ಕಡೆಗೆ ತಿರುಗಿಸಿ, “ಹೊರಗೆ ಕೇಸರಿ ಕಣಪ್ಪ, ನಡುವೆ ಹಸಿರು. ನಿಧಾನವಾಗಿ ಬರಿ, ಅವಸರವೇನೂ ಇಲ್ಲ” ಎಂದರು.